ಕಾರು ಕೈಕೊಟ್ಟಾಗ ಮೊದಲು ಕಿವಿ ಕೊಡು

ತೀರ್ಥಹಳ್ಳಿ
ಭಾನುವಾರ ರಾತ್ರಿ

ಚಿ. ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಮಳೆ ಇನ್ನೂ ಬಿಟ್ಟಿಲ್ಲ. ನಿನ್ನ ಸೆಕೆಂಡ್ ಹ್ಯಾಂಡ್ ಕಾರು ಮತ್ತೆ ಕೈಕೊಟ್ಟಿತು ಅಂತ ನಿನ್ನ ಅಮ್ಮ ಹೇಳಿದಳು. ಹೊಸ ಬ್ಯಾಟರಿ ಹಾಕಿಸಿ ಇನ್ನೂ ತಿಂಗಳಾಗಿಲ್ಲ, ಈಗ ಗ್ಯಾರೇಜಿನವರು ಸೆಲ್ಫ್ ಮೋಟಾರ್, ಅಂದರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟಾರ್, ಬದಲಾಯಿಸೋಣ ಅಂತಿದ್ದಾರಂತೆ. ಒಪ್ಪಿಕೊಳ್ಳುವ ಮುಂಚೆ ಈ ಕಾಗದ ಓದು. ಫೋನಿನಲ್ಲಿ ಹೇಳಿದರೆ ‘ಹೂಂ ಮಾವ’ ಅಂದು ಮರೆತುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಪೂರ್ತಿ ಕೆಟ್ಟು ನಿಂತ ಕಾರಿನ ರೋಗ ಹುಡುಕೋದು ಸುಲಭ. ಒಂದು ದಿನ ಸರಿ, ಒಂದು ದಿನ ಇಲ್ಲ ಅನ್ನೋ ಕಾರಿನದೇ ತಲೆನೋವು. ಗ್ಯಾರೇಜಿನ ಬಾಗಿಲಿಗೆ ಹೋದ ಕೂಡಲೇ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಪಾಪ ಏನು ಮಾಡ್ತಾನೆ? ಊಹೆ ಮಾಡ್ತಾನೆ. ಅವನ ಊಹೆಗೆ ದುಡ್ಡು ಕೊಡೋನು ನೀನು. ಕಾರು ಕೈಕೊಡುವ ಹೊತ್ತಿಗೆ ಅದರ ಪಕ್ಕ ಇರೋನು ನೀನೊಬ್ಬನೇ. ಹಾಗಾಗಿ ನೋಡಬೇಕಾದವನೂ ನೀನೇ.

‘ಸ್ಟಾರ್ಟ್ ಆಗ್ತಿಲ್ಲ’ ಅನ್ನೋ ಮಾತಿನಿಂದ ಏನೂ ತಿಳಿಯೋದಿಲ್ಲ ಪುಟ್ಟ. ಕೀ ತಿರುಗಿಸಿದಾಗ ಇಂಜಿನ್ ತಿರುಗಿತೋ ಇಲ್ಲವೋ? ಮೊದಲು ಅದು ಹೇಳು. ಇಂಜಿನ್ ಜೋರಾಗಿ ತಿರುಗಿಯೂ ಹಿಡಿಯದಿದ್ದರೆ ಬ್ಯಾಟರಿ, ಸೆಲ್ಫ್ ಎರಡರದ್ದೂ ತಪ್ಪಿಲ್ಲ. ಪೆಟ್ರೋಲ್ ಬರ್ತಿಲ್ಲ, ಇಲ್ಲವೇ ಸ್ಪಾರ್ಕ್ ಬರ್ತಿಲ್ಲ. ಕೀ ಆನ್ ಮಾಡಿ ಎರಡು ಸೆಕೆಂಡು ಸುಮ್ನೆ ಕೂರು. ಹಿಂದಿನ ಸೀಟಿನ ಕಡೆಯಿಂದ ಸಣ್ಣಗೆ ‘ಗುಂಯ್’ ಅನ್ನಬೇಕು, ಅದು ಪೆಟ್ರೋಲ್ ಪಂಪು. ಎಂದಿನ ಆ ಸದ್ದು ಇಲ್ಲದಿದ್ದರೆ ಪಂಪಿನ ಫ್ಯೂಸು, ಅದಕ್ಕೆ ಕರೆಂಟು ಬಿಡುವ ಪುಟ್ಟ ಸ್ವಿಚ್ಚು ರಿಲೇ ನೋಡಿಸು. ಸ್ಟೀರಿಂಗ್ ಮುಂದಿನ ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿದ್ದರೆ ಕಾರಿಗೆ ನಿನ್ನ ಕೀಯ ಗುರುತು ಸಿಕ್ಕಿಲ್ಲ ಅಂತ ಅರ್ಥ. ಇನ್ನೊಂದು ಕೀ ಹಾಕಿ ನೋಡು. ದೂರ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಹಿಡಿಯದೆ, ತಣ್ಣಗಾದ ಮೇಲೆ ಸರಿಹೋದರೆ ಇಂಜಿನ್ ತಿರುಗೋದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಒಂದು ಕಣ್ಣಿಡು. ಬಿಸಿಗೆ ಸುಸ್ತಾಗೋದು ಅದರ ಹಳೇ ಚಾಳಿ.

ನಿನ್ನ ಕಾರಿನದು ಅದಲ್ಲ ಅಂತ ಕಾಣುತ್ತೆ. ‘ಟಕ್’ ಅಂತ ಒಂದು ಸಲ ಅಂದು ಸುಮ್ಮನಾಗುತ್ತೆ ಅಂದೆಯಂತೆ. ‘ಟಕ ಟಕ ಟಕ’ ಅಂತ ಬಿಡದೆ ಹೊಡೆದುಕೊಂಡು ದೀಪವೆಲ್ಲ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದಕ್ಕೆ ವೈರು ಸೇರುವ ಟರ್ಮಿನಲ್ ಸಡಿಲ. ಒಂದೇ ‘ಟಕ್’ ಅಂದರೆ ಕರೆಂಟು, ಸೆಲ್ಫಿನ ದೊಡ್ಡ ಸ್ವಿಚ್ಚಾದ ಸೊಲೆನಾಯ್ಡ್‌ವರೆಗೂ ಬಂದಿದೆ, ಮುಂದೆ ಮೋಟಾರ್ ಎಳೆದುಕೊಳ್ಳುತ್ತಿಲ್ಲ. ಏನೂ ಸದ್ದೇ ಇಲ್ಲದಿದ್ದರೆ ಇಗ್ನಿಷನ್ ಸ್ವಿಚ್, ರಿಲೇ ಕಡೆ ನೋಡಬೇಕು. ಕೆಲವು ಕಾರುಗಳಲ್ಲಿ ಕ್ಲಚ್ ಪೆಡಲಿನ ಕೆಳಗೂ ಒಂದು ಸ್ವಿಚ್ ಇರುತ್ತದೆ. ಪೂರ್ತಿ ತುಳಿಯದಿದ್ದರೆ ಸೆಲ್ಫೇ ಹೊಡೆಯೋದಿಲ್ಲ.

ನನ್ನ ಹಳೇ ಕಾರಿನ ಕತೆ ನಿನಗೆ ಗೊತ್ತಿಲ್ಲ, ನೀನಾಗ ತೊಟ್ಟಿಲಲ್ಲಿದ್ದೆ. ಉಡುಪಿಯಿಂದ ವಾಪಸ್ ಬರ್ತಿದ್ದೆವು. ಆಗುಂಬೆ ಘಾಟಿಯ 14 ತಿರುವು ಹತ್ತಿಸಿ, ಸೂರ್ಯಾಸ್ತ ನೋಡೋಣ ಅಂತ ನಿಲ್ಲಿಸಿದೆ. ಸೂರ್ಯ ಮೋಡದಲ್ಲೇ ಮುಳುಗಿದ. ಬಂದು ಕೀ ತಿರುಗಿಸಿದರೆ ‘ಟಕ್’. ನಿನ್ನತ್ತೆ ಮುಖ ನೋಡೋ ಧೈರ್ಯ ನನಗಿರಲಿಲ್ಲ. ಯಾರೋ ನಾಲ್ಕು ಜನ ಪುಣ್ಯಾತ್ಮರು ತಳ್ಳಿದರು, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ, ಹಿಡಿಯಿತು. ಬೆಳಿಗ್ಗೆ ನೋಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್!

ಆಮೇಲೆ ನಾನು ಮಾಡಿದ್ದು ನೀನೀಗ ಮಾಡ್ತಿರೋದೇ. ಬ್ಯಾಟರಿ ಬದಲಾಯಿಸಿದೆ. ಸೆಲ್ಫ್ ಬಿಚ್ಚಿಸಿ, ಒಳಗೆ ಉಜ್ಜಿಕೊಂಡು ಕರೆಂಟು ದಾಟಿಸುವ ಕಾರ್ಬನ್ ತುಂಡು ಹೊಸದು ಹಾಕಿಸಿದೆ. ಇಗ್ನಿಷನ್ ಸ್ವಿಚ್ಚೂ ಹೊಸದು. ಪ್ರತಿ ಸಲವೂ ಎರಡು ವಾರ ಸರಿ, ಮತ್ತೆ ಅದೇ ರಾಗ. ಕೊನೆಗೊಂದು ಮಧ್ಯಾಹ್ನ ನಮ್ಮೂರ ಪೇಟೆಯಲ್ಲೇ ನಿಂತುಬಿಡ್ತು. ಪುಣ್ಯಕ್ಕೆ ಎದುರಿಗೇ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಅಂಗಡಿ. ಬಾನೆಟ್ ಎತ್ತಿಸಿ, ‘ಸೆಲ್ಫ್ ಹೊಡೀರಿ’ ಅಂದು ಕ್ಲಚ್ ಕೇಬಲ್ ಹಿಡಿದುಕೊಂಡು ನಿಂತರು. ನಾಲ್ಕು ಸಲ ಹೊಡೆದೆ. ಕರೆದು ಮುಟ್ಟಿಸಿದರು. ಕೇಬಲ್ ಬಿಸಿಯಾಗಿತ್ತು! ‘ಕರೆಂಟಿಗೆ ವಾಪಸ್ ಹೋಗೋ ದಾರಿ ಇಲ್ಲ ಸ್ವಾಮಿ, ಪಾಪ ಇದರಲ್ಲಿ ನುಗ್ತಾ ಇದೆ’ ಅಂದರು. ಒಂದು ಜಂಪರ್ ಕೇಬಲ್ ತಂದು ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿನ ಕಬ್ಬಿಣಕ್ಕೆ ಕಚ್ಚಿಸಿದರು. ತಕ್ಷಣ ಸ್ಟಾರ್ಟ್. ಇಂಜಿನ್‌ನಿಂದ ಕಾರಿನ ಬಾಡಿಯ ತಗಡಿಗೆ ಬರುವ ಅರ್ಥ್ ಪಟ್ಟಿ, ಅಂದರೆ ಕರೆಂಟು ವಾಪಸ್ ಹೋಗೋ ದಾರಿ, ಅದರ ಬೋಲ್ಟಿನ ಕೆಳಗೆ ಹಸಿರು ಕಿಲುಬು ಹಿಡಿದಿತ್ತು. ನಮ್ಮ ಮಳೆ ಗೊತ್ತಲ್ವಾ. ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ಪಟ್ಟಿ ಹಾಕಿದರು. ಅಷ್ಟೇ. ನಾನು ಬಿಸಾಕಿದ ಹಳೇ ಬ್ಯಾಟರಿ ಬಹುಶಃ ಚೆನ್ನಾಗೇ ಇತ್ತು.

ಇಂಥದ್ದು ನಿನ್ನದರಲ್ಲೂ ಇದೆಯಾ ಅಂತ ವೋಲ್ಟ್ ಅಳೆಯೋ ಕೈ ಮೀಟರಿನಲ್ಲಿ ನೋಡಬಹುದು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. ಇಂಜಿನ್ ಓಡುವಾಗ 14ರ ಆಸುಪಾಸು ಇರಬೇಕು, ಇಲ್ಲದಿದ್ದರೆ ಡೈನಮೋ ಚಾರ್ಜ್ ಮಾಡ್ತಿಲ್ಲ. ಇದಿಷ್ಟು ಎಲ್ಲರೂ ನೋಡ್ತಾರೆ. ಅಸಲಿ ಪರೀಕ್ಷೆ ಸೆಲ್ಫ್ ಹೊಡೆಯುವಾಗ, ಅದೂ ಕಾರು ಹಠ ಹಿಡಿದಿರುವಾಗ. ನ್ಯೂಟ್ರಲ್‌ಗೆ ಹಾಕು, ಹ್ಯಾಂಡ್‌ಬ್ರೇಕ್ ಎಳಿ. ಸ್ನೇಹಿತನೊಬ್ಬ ಕೀ ತಿರುಗಿಸಲಿ. ಮೀಟರಿನ ಕಡ್ಡಿಗಳನ್ನು ವೈರಿನ ಕ್ಲ್ಯಾಂಪಿಗಲ್ಲ, ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತು. ‘ಟಕ್’ ಅಂದಾಗ ವೋಲ್ಟೇಜ್ 8ಕ್ಕೋ 9ಕ್ಕೋ ಕುಸಿದರೆ ಬ್ಯಾಟರಿ ನಿತ್ರಾಣ, ಇಲ್ಲವೇ ಮೋಟಾರ್ ಜಾಮ್. 12.4ರಲ್ಲೇ ಅಲುಗಾಡದೆ ನಿಂತರೆ ಕರೆಂಟು ಹರಿಯುತ್ತಲೇ ಇಲ್ಲ, ದಾರಿಯಲ್ಲಿ ಎಲ್ಲೋ ತಡೆ ಇದೆ.

ಆಗ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬಣ್ಣ ಇಲ್ಲದ ಜಾಗಕ್ಕೆ. ಸೆಲ್ಫ್ ಹೊಡೆಯುವಾಗ 0.3 ವೋಲ್ಟಿನೊಳಗೆ ಇದ್ದರೆ ಅರ್ಥ್ ಸರಿ. ಒಂದು, ಎರಡು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕ. ಪ್ಲಸ್ ಕಂಬದಿಂದ ಸೆಲ್ಫಿನ ದಪ್ಪ ವೈರಿನ ಬೋಲ್ಟಿಗೂ ಹೀಗೇ ನೋಡಿಸು, ಅಲ್ಲಿ ಅರ್ಧ ವೋಲ್ಟ್ ದಾಟಬಾರದು. ಎರಡೂ ಸರಿಯಿದ್ದು, ಸ್ಪಾನರಿನ ಹಿಡಿಯಿಂದ ಸೆಲ್ಫಿಗೆ ಮೆಲ್ಲಗೆ ತಟ್ಟಿದಾಗ ಹಿಡಿದರೆ, ಗ್ಯಾರೇಜಿನವರು ಹೇಳಿದ್ದೇ ಸರಿ: ಕಾರ್ಬನ್ನೋ, ಸೊಲೆನಾಯ್ಡ್ ಪಾಯಿಂಟೋ ಸವೆದಿದೆ. ಆದರೂ ಪೂರ್ತಿ ಸೆಲ್ಫ್ ಬೇಕಾ, ಒಳಗಿನ ಸಾಮಾನು ಬದಲಾಯಿಸಿದರೆ ಸಾಕಾ ಅಂತ ಕೇಳು. ಸ್ಕ್ರೂಡ್ರೈವರ್ ಇಟ್ಟು ಸೆಲ್ಫ್ ಶಾರ್ಟ್ ಮಾಡೋ ಸಾಹಸ ಮಾತ್ರ ಬೇಡ. ವಿಡಿಯೋ ನೋಡಿ ಕಲಿತಿರ್ತೀಯ, ಗೊತ್ತು ನನಗೆ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಡು. ಕೈಕೊಟ್ಟಾಗಲೆಲ್ಲ ಎರಡು ಸಾಲು ಬರೆ: ಬಿಸಿಯೋ ತಣ್ಣಗೋ, ಎಷ್ಟು ಹೊತ್ತು ನಿಂತಿತ್ತು, ಮಳೆ ಇತ್ತಾ, ಯಾವ ಸದ್ದು, ಕೊನೆಗೆ ಏನು ಮಾಡಿದಾಗ ಹಿಡಿಯಿತು. ಐದಾರು ಸಲ ಬರೆದ ಮೇಲೆ ಅದನ್ನೇ ಮೆಕ್ಯಾನಿಕ್ ಮುಂದೆ ಇಡು. ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡ, ಕೈಕೊಟ್ಟ ಜಾಗಕ್ಕೇ ಅವನನ್ನು ಕರೆಸು. ಇನ್ನೂರು ಮುನ್ನೂರು ಜಾಸ್ತಿ ಕೇಳಿದರೂ ಕೊಡು.

ನನ್ನ ಮೀಟರ್ ನಿನ್ನ ಅಮ್ಮನ ಕೈಲಿ ಕಳಿಸ್ತಿದ್ದೇನೆ. ಚೀಲದಲ್ಲಿ ಹಲಸಿನ ಹಪ್ಪಳದ ಡಬ್ಬಿಯ ಕೆಳಗಿದೆ. ಕೆಂಪು ಕಡ್ಡಿಯ ವೈರಿಗೆ ಟೇಪ್ ಸುತ್ತಿದ್ದೇನೆ, ಅಲ್ಲಿ ಹಿಡಿದು ಎಳೆಯಬೇಡ. ಅಂದಹಾಗೆ, ಆ ಹಳೇ ಬ್ಯಾಟರಿ ಗುಜರಿಗೆ ಹಾಕಿಲ್ಲ ತಾನೇ?

ಇಂತಿ ನಿನ್ನ ಮಾವ