ಟಿ.ವಿ. ಗೋಪುರಗಳ ಕತೆ ದಾಖಲಾಗಲಿ

ದೂರದರ್ಶನದ ಹಳೆಯ ಮರುಪ್ರಸಾರ ಗೋಪುರಗಳ ಇತಿಹಾಸವನ್ನು ಅವು ಗುಜರಿ ಸೇರುವ ಮೊದಲೇ ಬರೆದಿಡಬೇಕು.

1982ರ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶದಲ್ಲಿ ಬಣ್ಣದ ಟಿ.ವಿ. ಪ್ರಸಾರ ಶುರುವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸಣ್ಣ ಪಟ್ಟಣಗಳಲ್ಲೂ ಕಡಿಮೆ ಶಕ್ತಿಯ ಮರುಪ್ರಸಾರ ಕೇಂದ್ರಗಳು ಎದ್ದವು. ಕೆಂಪು-ಬಿಳಿ ಬಣ್ಣದ ಆ ಕಬ್ಬಿಣದ ಗೋಪುರದ ಕಡೆಗೇ ಊರಿನ ಆಂಟೆನಾಗಳೆಲ್ಲ ಮುಖ ಮಾಡಿರುತ್ತಿದ್ದವು. ಜೋರು ಗಾಳಿ ಬೀಸಿದರೆ ಒಬ್ಬರು ಮಾಡು ಹತ್ತಿ ‘ಈಗ ಬಂತಾ?’ ಎಂದು ಕೂಗುವುದು, ಒಳಗಿನವರು ‘ಇನ್ನೂ ಸ್ವಲ್ಪ ತಿರುಗ್ಸು’ ಎನ್ನುವುದು ಎಷ್ಟು ಮನೆಗಳಲ್ಲಿ ನಡೆದಿಲ್ಲ! ಕೇಬಲ್, ಡಿಶ್ ಬಂದ ಮೇಲೆ ಇವುಗಳ ಅಗತ್ಯ ಕಡಿಮೆಯಾಯಿತು. 2022ರ ಹೊತ್ತಿಗೆ, ದೂರದರ್ಶನ ಮತ್ತು ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿ ಈ ಗೋಪುರಗಳಿಂದ ಆಂಟೆನಾಗಳಿಗೆ ಬರುತ್ತಿದ್ದ ಹಳೆಯ ಬಗೆಯ (ಅನಲಾಗ್) ಟಿ.ವಿ. ಪ್ರಸಾರವನ್ನು ಬಹುತೇಕ ನಿಲ್ಲಿಸಿತು. ಕೆಲವು ಕೇಂದ್ರಗಳಿಗೆ ಆಕಾಶವಾಣಿ ಎಫ್.ಎಂ. ಕೆಲಸ ಸಿಕ್ಕಿರುವುದು ಸಂತೋಷದ ವಿಷಯ.

ಉಳಿದವನ್ನು ಸುಮ್ನೆ ಕೆಡವಿದರೆ ಒಂದು ಕಾಲದ ಗುರುತೇ ಹೋಗುತ್ತದೆ ಅಲ್ವಾ? ಅಲ್ಲಿ ಪಾಳಿಯಲ್ಲಿ ದುಡಿದ ಎಂಜಿನಿಯರು, ತಂತ್ರಜ್ಞರಲ್ಲಿ ಅನೇಕರು ಈಗ ನಿವೃತ್ತರು. ಪ್ರಸಾರ ಭಾರತಿ ಅವರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲಿ. ಹಳೆಯ ಫೋಟೊ, ಲಾಗ್ ಪುಸ್ತಕಗಳನ್ನು ಜಿಲ್ಲಾ ಗ್ರಂಥಾಲಯಕ್ಕೆ ಕೊಡಲಿ. ಉಳಿದಿರುವ ಗೋಪುರದ ಬುಡದಲ್ಲಿ ಅದು ಶುರುವಾದ ವರ್ಷ, ಎತ್ತರ, ಪ್ರಸಾರದ ವ್ಯಾಪ್ತಿ ತಿಳಿಸುವ ಫಲಕ ಹಾಕಿಸಲಿ.