ಫೋನಲ್ಲಿ ಹೂಂ ಅಂದ ಮಾತ್ರಕ್ಕೆ

ಪುಟ್ಟಿ,

ಆಶೀರ್ವಾದ. ಮನೆ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದು ಬಿಡು. "ಫೋನಲ್ಲಿ ಹೂಂ ಅಂದುಬಿಟ್ಟೆ ದೊಡ್ಡಪ್ಪ, ಇನ್ನು ಅದೇ ದುಡ್ಡಿಗೆ ಎರಡರಷ್ಟು ಕೆಲಸ ಮಾಡಲೇಬೇಕಾ?" ಅಂತ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಹೂಂ ಅಂದದ್ದೆಲ್ಲ ಕರಾರು ಆಗುವುದಿಲ್ಲ ಮಗಳೇ. ಇಬ್ಬರು ಸೇರಿ ಮಾಡಿಕೊಂಡ ಕರಾರನ್ನು ಬದಲಾಯಿಸಬೇಕಾದರೂ ಇಬ್ಬರೂ ಮನಸಾರೆ ಒಪ್ಪಬೇಕು. ಕೆಲಸ ಕೊಟ್ಟವರು ಬಾಕಿ ಹಣ ತಡೆಹಿಡಿದು, "ಒಪ್ಪದಿದ್ದರೆ ಇದೂ ಇಲ್ಲ" ಅಂದರಂತಲ್ಲ. ಬೇರೆ ದಾರಿಯೇ ಇಲ್ಲದೆ ಬಂದ ಹೂಂಗೆ ಕೋರ್ಟಿನಲ್ಲಿ ಬೆಲೆ ಕಡಿಮೆ.

1809ರ ಇಂಗ್ಲೆಂಡಿನ ಒಂದು ಕೇಸಿದೆ. ಹಡಗಿನಿಂದ ಇಬ್ಬರು ನಾವಿಕರು ಓಡಿಹೋದರು. ಬದಲಿ ಜನ ಸಿಗಲಿಲ್ಲ. ಅವರಿಬ್ಬರ ಸಂಬಳ ನಿಮಗೇ ಹಂಚುತ್ತೇನೆ, ಹಡಗು ಊರು ಮುಟ್ಟಿಸಿ ಅಂತ ಕ್ಯಾಪ್ಟನ್ ಉಳಿದವರಿಗೆ ಮಾತು ಕೊಟ್ಟ. ಕೊನೆಗೆ ಆ ಹಣ ಬರಲಿಲ್ಲ, ಕೋರ್ಟೂ ಕೊಡಿಸಲಿಲ್ಲ. ಮೊದಲೇ ಒಪ್ಪಿದ್ದ ಕೆಲಸವನ್ನಷ್ಟೇ ಮಾಡಿದ್ದರಿಂದ ಹೊಸ ಮಾತಿಗೆ ಪ್ರತಿಫಲವೇ ಇಲ್ಲ, ಅಂದರೆ ಅದಕ್ಕೆ ಬದಲಾಗಿ ಅವರು ಹೊಸದಾಗಿ ಏನೂ ಕೊಟ್ಟಿಲ್ಲ ಅನ್ನುವುದು ತೀರ್ಪು. ಆ ನಾವಿಕರನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಆದರೆ ಅದೇ ಪ್ರಶ್ನೆಯನ್ನು ನೀನೂ ಕೇಳಬಹುದು: ಜಾಸ್ತಿ ಕೆಲಸಕ್ಕೆ ಅವರು ಹೊಸದಾಗಿ ಏನು ಕೊಟ್ಟರು? ಮೊದಲೇ ಕೊಡಬೇಕಿದ್ದ ದುಡ್ಡು ತಾನೇ? ಆಮೇಲಿನ ತೀರ್ಪುಗಳು ಈ ನಿಯಮವನ್ನು ಸ್ವಲ್ಪ ಸಡಿಲಿಸಿವೆ, ಎಲ್ಲ ದೇಶದಲ್ಲೂ ಕಾನೂನು ಒಂದೇ ಥರ ಇಲ್ಲ, ನಿಜ. ಆದರೂ ಒತ್ತಡ ಹಾಕಿ ಪಡೆದ ಒಪ್ಪಿಗೆ ಗಟ್ಟಿ ನಿಲ್ಲುವುದು ಕಷ್ಟ.

ನಿನ್ನ ತಾತನಿಗೆ ಹೀಗೇ ಆಗಿತ್ತು. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡು ಅಂತ ಬಾಯಿಮಾತಲ್ಲಿ ಹೇಳಿದವರು, ಕೆಲಸ ಮುಗಿದ ಮೇಲೆ ಹಾಗೆ ಹೇಳೇ ಇಲ್ಲ ಅಂದರು. ಅಪ್ಪ ಆ ಕರಾರಿನ ಕಾಗದವನ್ನು ಜೇಬಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ತೆಗೆದು ಮಡಿಸಿ, ತೆಗೆದು ಮಡಿಸಿ, ಮಡಿಕೆಯಲ್ಲೇ ಹರಿದುಹೋಗಿತ್ತು. ಹೊಸ ಮಾತು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನಾನಾಗ ಚಿಕ್ಕವನು, ಸುಮ್ನೆ ನೋಡುತ್ತಿದ್ದೆ. ಏನಾದರೂ ತಿಳಿದಿದ್ದರೆ ಅವರ ಪಕ್ಕ ನಿಲ್ಲಬಹುದಿತ್ತು ಅಂತ ಈಗಲೂ ಅನಿಸುತ್ತದೆ.

ನಾನು ವಕೀಲನಲ್ಲ, ತಪ್ಪು ತಿಳಿಯಬೇಡ, ಆದರೂ ಹೇಳುತ್ತೇನೆ. ಕರಾರಿನ ಕೊನೆಯ ಪುಟಗಳನ್ನು ನೋಡು. ಬದಲಾವಣೆ ಬರಹದಲ್ಲಿ, ಇಬ್ಬರ ಸಹಿಯೊಂದಿಗೇ ಆಗಬೇಕು ಅನ್ನುವ ಷರತ್ತು ಇರಬಹುದು. ಅಂಥ ಷರತ್ತಿರುವಾಗ ಬಾಯಿಮಾತು ಸಾಲದು ಅಂತ 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲ ಕಡೆ ಹಾಗಿಲ್ಲ, ಆದರೆ ಆ ಹೂಂನಿಂದ ಬಿಡಿಸಿಕೊಳ್ಳಲು ನಿನಗೆ ಅದು ಒಳ್ಳೆಯ ಆಸರೆ.

ಇನ್ನೊಂದು. ಆ ಹೆಚ್ಚಿನ ಕೆಲಸವನ್ನು ಸದ್ದಿಲ್ಲದೆ ಶುರು ಮಾಡಬೇಡ. ಮಾಡುತ್ತಾ ಹೋದರೆ ಒಪ್ಪಿದ್ದೀಯ ಅಂತಲೇ ಲೆಕ್ಕ ಆಗಬಹುದು. ಒತ್ತಡದಲ್ಲಿ ಹಾಗೆ ಹೇಳಿದೆ, ಒಪ್ಪಿಗೆ ಇಲ್ಲ ಅಂತ ಇವತ್ತೇ ಒಂದು ಮೇಲ್ ಹಾಕು. ತಡ ಮಾಡಿದಷ್ಟೂ ಆ ಹೂಂ ಗಟ್ಟಿಯಾಗುತ್ತದೆ. ಒಬ್ಬ ವಕೀಲರಿಗೂ ತೋರಿಸು. ಮೇಲ್ ಬರೆದು ನನಗೆ ಓದಿ ಹೇಳು, ರಾತ್ರಿ ಎಷ್ಟು ಹೊತ್ತಾದರೂ ಫೋನ್ ಎತ್ತುತ್ತೇನೆ.

ನಿನ್ನ ದೊಡ್ಡಪ್ಪ