ಬೈಪಾಸ್ ಆದವರು ಏನಾದರು? ಲೆಕ್ಕ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ಹೋದ ವರ್ಷ ನಮ್ಮಪ್ಪನಿಗೆ ಹೃದಯದ ಬೈಪಾಸ್ ಆಪರೇಷನ್ ಆಯಿತು. ದುಡ್ಡು ಕಟ್ಟಿದ್ದು ಸರ್ಕಾರವೇ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ. ನಮ್ಮದು ಬಿಪಿಎಲ್ ಕಾರ್ಡು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಅದಿಲ್ಲದಿದ್ದರೆ ಇರುವ ತುಂಡು ಜಮೀನೂ ಹೋಗುತ್ತಿತ್ತು. ಆ ಉಪಕಾರ ಮರೆತಿಲ್ಲ.

ಆದರೂ ಒಂದು ಕೇಳಲೇಬೇಕು. ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಯಾವ್ಯಾವ ಆಸ್ಪತ್ರೆಗೆ ಬೈಪಾಸ್ ದುಡ್ಡು ಕೊಡುತ್ತದೋ, ಅಲ್ಲೆಲ್ಲ ವರ್ಷಕ್ಕೆ ಎಷ್ಟು ಆಪರೇಷನ್ ಆಗುತ್ತವೆ, 30 ದಿನದೊಳಗೆ ಎಷ್ಟು ಜನ ತೀರಿಕೊಳ್ಳುತ್ತಾರೆ, ಎಷ್ಟು ಜನ ಮತ್ತೆ ಅಡ್ಮಿಟ್ ಆಗುತ್ತಾರೆ? ಆಸ್ಪತ್ರೆಯ ಹೆಸರು ಹಾಕಿ ಪ್ರಕಟಿಸಿ.

ಅಪ್ಪನಿಗೆ ಹಳೇ ಸಕ್ಕರೆ ಕಾಯಿಲೆ. ಆಂಜಿಯೋಗ್ರಾಂ ಮಾಡಿದಾಗ ಮೂರೂ ರಕ್ತನಾಳ ಬ್ಲಾಕ್. ಇಂಥವರಿಗೆ ಸ್ಟೆಂಟ್‌ಗಿಂತ ಬೈಪಾಸೇ ಒಳ್ಳೆಯದು ಅಂದರು. ಅದು ಸರಿಯಾದ ಮಾತೇ, 2012ರಲ್ಲಿ ಬಂದ ಫ್ರೀಡಂ ಅಧ್ಯಯನವೂ ಅದನ್ನೇ ಹೇಳಿದೆ. ಎದೆಯೊಳಗಿನ ನಾಳ ಒಂದು, ಕಾಲಿನಿಂದ ತೆಗೆದ ನಾಳ ಎರಡು ಜೋಡಿಸಿದರು. ಎದೆಯ ನಾಳ ಹತ್ತು ವರ್ಷ ಕಳೆದರೂ ಹೆಚ್ಚಿನವರಲ್ಲಿ ತೆರೆದೇ ಇರುತ್ತದಂತೆ. ಕಾಲಿನವು ಅಷ್ಟರಲ್ಲಿ ಅರ್ಧದಷ್ಟು ಮುಚ್ಚಿಹೋಗಬಹುದು. ಇದನ್ನು ನಮಗೆ ಹೇಳಿದ್ದು ಆಮೇಲೆ ಸಿಕ್ಕ ಬೇರೊಬ್ಬ ಡಾಕ್ಟರು. ಆಪರೇಷನ್ ಮಾಡಿದ ಕಡೆ ಬಾಯೇ ಬಿಡಲಿಲ್ಲ.

ಆಸ್ಪತ್ರೆ ಹೆಸರು ಬೇಡ ಬಿಡಿ. ಅಡ್ಮಿಟ್ ಮಾಡುವ ಮುಂಚೆ ಕೌಂಟರಿನಲ್ಲಿ ಕೇಳಿದೆ, 'ಇಲ್ಲಿ ತಿಂಗಳಿಗೆ ಎಷ್ಟು ಬೈಪಾಸ್ ಆಗುತ್ತೆ, ಮಾಡಿಸಿಕೊಂಡವರು ಹೇಗಿದ್ದಾರೆ?' ಅಂತ. ಅಲ್ಲಿದ್ದವನು ತಲೆ ಎತ್ತದೆ ಹೇಳಿದ: 'ಏನ್ರೀ, ಫ್ರಿಜ್ ತಗೊಳ್ಳೋಕೆ ಬಂದಿದೀರಾ, ವಾರಂಟಿ ಕೇಳ್ತೀರಲ್ಲ?' ಪಕ್ಕದಲ್ಲಿದ್ದವರು ನಕ್ಕರು. ಫ್ರಿಜ್ಜಿಗಾದರೂ ಎಷ್ಟು ಸ್ಟಾರ್ ಅಂತ ಚೀಟಿ ಅಂಟಿಸಿರುತ್ತಾರೆ, ಸಚಿವರೇ. ಎದೆ ಸೀಳುವ ಕಡೆ ಅದೂ ಇಲ್ಲ.

ಮನೆಗೆ ಬಂದ ಕೆಲವೇ ದಿನಕ್ಕೆ ಕಾಲಿನ ಗಾಯ ಕೀವು ಕಟ್ಟಿತು. ಸಕ್ಕರೆ ಕಾಯಿಲೆಯವರಿಗೆ ಹೀಗಾಗುವುದು ಹೊಸದೇನಲ್ಲ. ರಾತ್ರೋರಾತ್ರಿ ವಾಪಸ್ ಕರೆದುಕೊಂಡು ಹೋದೆವು. 'ಪ್ಯಾಕೇಜ್ ಕ್ಲೋಸ್ ಆಗಿದೆ, ಡ್ರೆಸ್ಸಿಂಗ್‌ಗೆ ಕ್ಯಾಶ್ ಕಟ್ಟಿ' ಅಂದರು. ಕೆಮ್ಮಿದರೆ ಎದೆಮೂಳೆ ಕಿತ್ತು ಬರುವಷ್ಟು ನೋವು. ಅದಕ್ಕೆ ಅಪ್ಪ ಎದೆಗೆ ದಿಂಬು ಒತ್ತಿಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಧ್ಯಾಹ್ನದವರೆಗೂ ಕೂತಿದ್ದರು. ಯಾರೂ ಬಂದು ಬ್ಯಾಂಡೇಜ್ ಬಿಚ್ಚಿ ನೋಡಲಿಲ್ಲ. ಅಮ್ಮ ಸಂಘದಲ್ಲಿ ಸಾಲ ಎತ್ತಿದರು, ಅದರ ಕಂತು ಇನ್ನೂ ಹೋಗುತ್ತಿದೆ. ಡಿಸ್ಚಾರ್ಜ್ ಆದ ಮೇಲಿನ 15 ದಿನದ ಆರೈಕೆಯೂ ಆಯುಷ್ಮಾನ್ ಪ್ಯಾಕೇಜಿನಲ್ಲೇ ಸೇರಿದೆ ಅಂತ ನಿಮಗೆ ನಾನು ಹೇಳಿಕೊಡಬೇಕಾ?

ತಮಾಷೆ ಏನು ಗೊತ್ತಾ? ಆ ಆಸ್ಪತ್ರೆಯ ಕಡತದಲ್ಲಿ ಅಪ್ಪನದು ಯಶಸ್ವಿ ಕೇಸು. ಜೀವಂತವಾಗಿ ಮನೆಗೆ ಹೋದರಲ್ಲ, ಅಷ್ಟು ಸಾಕು!

ಅದಕ್ಕೇ ಮತ್ತೆ ಕೇಳುತ್ತಿದ್ದೇನೆ, ಲೆಕ್ಕ ಪ್ರಕಟಿಸಿ. ಇದೇನು ಆಗದ ಕೆಲಸವಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯ 1990ರ ದಶಕದಿಂದಲೇ ಬೈಪಾಸ್ ಸಾವಿನ ಲೆಕ್ಕವನ್ನು ಆಸ್ಪತ್ರೆವಾರು ಜನರ ಮುಂದೆ ಇಡುತ್ತಿದೆ. ಹಾಗೆ ಮಾಡಿದರೆ ಕಷ್ಟದ ಕೇಸುಗಳನ್ನು ಡಾಕ್ಟರುಗಳು ಮುಟ್ಟುವುದಿಲ್ಲ ಅನ್ನುತ್ತಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಅಲ್ಲಿ ರೋಗಿಯ ವಯಸ್ಸು, ಹೃದಯ ಎಷ್ಟು ದುರ್ಬಲ, ಬೇರೆ ಕಾಯಿಲೆ ಏನಿದೆ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ಹೋಲಿಸುತ್ತಾರೆ. ನಿಮ್ಮ ಟ್ರಸ್ಟಿಗೂ ಪ್ರತಿ ಕೇಸಿನ ಕಾಗದ ಬಂದೇ ಬರುತ್ತದೆ. ಬರದೆ ಬಿಲ್ ಪಾಸ್ ಆಗುತ್ತಾ?

ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂದಿರಿ. ಹೃದಯಾಘಾತ ಆದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತ. ಒಳ್ಳೆಯ ಕೆಲಸ, ಮನಸ್ಸಿಂದಲೇ ಹೇಳುತ್ತಿದ್ದೇನೆ. ಆದರೆ ಹಾಗೆ ಉಳಿದವರಲ್ಲಿ ಕೆಲವರಿಗೆ ಮುಂದೆ ಬೈಪಾಸ್ ಬೇಕಾಗುತ್ತದೆ. ಅವರು ಯಾವ ಆಸ್ಪತ್ರೆಗೆ ಹೋಗಬೇಕು? ಜಯದೇವದಲ್ಲಿ ಎಷ್ಟು ರಶ್ ಅಂತ ನಿಮಗೂ ಗೊತ್ತು. ಉಳಿದ ಕಡೆ ಯಾರನ್ನು ನಂಬಬೇಕು, ಹೋರ್ಡಿಂಗನ್ನಾ? ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಖಾಸಗಿ ಆಸ್ಪತ್ರೆಗಳು ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ರೇಟು ಗೊತ್ತಾಗಬಹುದು, ಬದುಕಿದವರೆಷ್ಟು ಅಂತ ಗೊತ್ತಾಗಬಾರದು, ಅಲ್ವಾ?

ಅಪ್ಪನಿಗೆ ಆಗಿದ್ದಕ್ಕೆ ಪರಿಹಾರ ಕೇಳುತ್ತಿಲ್ಲ. ಲೆಕ್ಕ ಕೇಳುತ್ತಿದ್ದೇನೆ. ಆಸ್ಪತ್ರೆವಾರು ಲೆಕ್ಕ, ಟ್ರಸ್ಟಿನ ವೆಬ್‌ಸೈಟಿನಲ್ಲಿ, ಕನ್ನಡದಲ್ಲಿ. ಯಾವ ತಾರೀಖಿಗೆ ಹಾಕುತ್ತೀರಿ ಅಂತ ತಿಳಿಸಿದರೆ ಸಾಕು. 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಅನ್ನುವ ಉತ್ತರ ದಯವಿಟ್ಟು ಬೇಡ. ಅದು ನಿಮ್ಮ ಇಲಾಖೆಯಿಂದ ಈಗಾಗಲೇ ಬಂದಿದೆ, ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಇತಿ,
ಹಿರಿಯೂರು ತಾಲ್ಲೂಕಿನ ಒಬ್ಬ ಹೃದಯ ರೋಗಿಯ ಮಗ